ಹಿಡಿಕೆ ಇರುವ ಒಂಬತ್ತು ಕಪ್ಪುಗಳು

ಚಿಕ್ಕೋಡಿ
೨೦ ಜನವರಿ ೨೦೦೯

ಪ್ರೀತಿಯ ಮಗಳು ಸಾರಿಕಾಗೆ,

ಜಯಭೀಮ.

ನೀನೂ ಅಳಿಯ ರೂಪೇಶನೂ ಸಿಲಿಗುರಿ ಮುಟ್ಟಿದ್ದು, ನಿನ್ನ ಶಾಲೆಯವರು ಕೊಟ್ಟ ಕ್ವಾರ್ಟರ್ಸಿನ ಕೀಲಿ ಸಿಕ್ಕಿದ್ದು ಫೋನಿನಲ್ಲಿ ತಿಳಿಯಿತು. ಆದರೂ ಪತ್ರ ಬರೆಯುತ್ತಿದ್ದೇನೆ. ನಿಪ್ಪಾಣಿಯ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಮೂವತ್ತನಾಲ್ಕು ವರ್ಷ ಬುಕಿಂಗ್ ಕ್ಲಾರ್ಕನಾಗಿದ್ದವನಿಗೆ ಬಾಯಿಮಾತಿನಲ್ಲಿ ನಂಬಿಕೆ ಇಲ್ಲ. ಬರೆದದ್ದಕ್ಕೆ ಮಾತ್ರ ಸಾಕ್ಷಿ ಇರುತ್ತದೆ. ನೀನೂ ಬರೆದೇ ಉತ್ತರಿಸು.

ನಿನ್ನ ಮನೆಯ ಸಾಮಾನು ಕಟ್ಟಲು ಶುರು ಮಾಡಿದ್ದೇನೆ. ಮಂಚ, ಕಪಾಟು, ಮಿಕ್ಸರ್, ಪುಸ್ತಕದ ಹನ್ನೊಂದು ಡಬ್ಬ ಮಾಮೂಲಿ ಲಾರಿಯಲ್ಲಿ ಬರಲಿ. ಪೆಟ್ಟು ಬಿದ್ದರೂ ತಡೆದುಕೊಳ್ಳುವ ಸಾಮಾನು ಅವು. ಪ್ರಶ್ನೆ ಇರುವುದು ನಿನ್ನ ಆಯಿಯ, ಅಂದರೆ ನನ್ನ ಅವ್ವನ, ಕಪ್ಪು-ಬಸಿಗಳದ್ದು. ಒಂಬತ್ತು ಕಪ್ಪು, ಅವುಗಳ ಕೆಳಗಿಡುವ ಒಂಬತ್ತು ಬಸಿ. ಅವು ನಿನ್ನ ಜೊತೆ ಹೋಗಬೇಕೆಂದು ಅವ್ವ ತೀರ್ಮಾನಿಸಿದ್ದಾಳೆ.

ಸಾಮಾನು ಕಟ್ಟುವ ಕಂಪನಿಯಿಂದ ಒಬ್ಬ ನೋಡಲು ಬಂದಿದ್ದ. ಕಪ್ಪುಗಳನ್ನು ಕಂಡು, "ಇವ್ಯಾಕ್ರಿ ಕಾಕಾ, ಅಲ್ಲೇ ಹೊಸಾವು ಸಿಗ್ತಾವ. ಹಳೇ ಸಾಮಾನ, ಬೆಲಿ ಇಲ್ಲ ಅಂತ ಬರದ ಬಿಡ್ತೀನಿ" ಅಂದ. ಅವ್ವ ಕೂತಲ್ಲಿಂದಲೇ, "ಬೆಲಿ ಇಲ್ಲ ಅಂತ ಬರ್ಯಾಂವ ಯಾವಂವ ನೀ? ಮದಲ ನಿನ್ನ ಹೆಸರ ಬರಿ, ನಾ ಓದಿಸಿ ಕೇಳ್ತೀನಿ" ಅಂದಳು. ಅವನು ಮತ್ತೆ ಬರಲಿಲ್ಲ. ಬರುವುದೂ ಬೇಡ.

ಜನ ಹೇಗೆ ಕಟ್ಟುತ್ತಾರೆ ಎಂದು ನಾನು ನೋಡಿದ್ದೇನೆ. ಒಳಗೆ ಸಡಿಲ ಬಿಟ್ಟು, ಹೊರಗೆ ಕೆಂಪು ಬಣ್ಣದಲ್ಲಿ "ಒಡೆಯುವ ಸಾಮಾನು, ಜೋಪಾನ" ಎಂದು ಬರೆಯುತ್ತಾರೆ. ೧೯೮೨ರಲ್ಲಿ ಒಂದು ಮದುವೆ ಮನೆಗೆ ತರಿಸಿದ ನಲವತ್ತೆಂಟು ಗಾಜಿನ ಲೋಟಗಳು ಪುಡಿಯಾಗಿ ಬಂದವು. ಡಬ್ಬದ ಮೇಲಿನ ಆ ಅಕ್ಷರಗಳು ಮಾತ್ರ ಎಲ್ಲೂ ಕೆಟ್ಟಿರಲಿಲ್ಲ. ಆಯಿಯ ಕಪ್ಪು ಹಾಗೆ ಬರುವುದಿಲ್ಲ. ದಾರಿ ಹುಡುಕುತ್ತಿದ್ದೇನೆ.

ನಿನ್ನ ಅಪ್ಪ,
ದಾದಾಸಾಹೇಬ

*

ಸಿಲಿಗುರಿ
೨ ಫೆಬ್ರುವರಿ ೨೦೦೯

ಅಪ್ಪಾ, ಜಯಭೀಮ.

ನೀವು ಹೇಳಿದ ಹಾಗೆ ಬರೆದೇ ಉತ್ತರಿಸುತ್ತಿದ್ದೇನೆ. ಅಂಚೆ ಪೆಟ್ಟಿಗೆ ಹುಡುಕಲು ರೂಪೇಶನಿಗೆ ಅರ್ಧ ದಿನ ಹಿಡಿಯಿತು, ಅದನ್ನೂ ದಾಖಲಿಸಿಕೊಳ್ಳಿ.

ಇಲ್ಲಿ ಚಳಿ ಇದೆ. ಆಕಾಶ ತಿಳಿಯಾದ ದಿನ ಮನೆಯ ಹಿಂದಿನ ಕಿಟಕಿಯಿಂದ ಹಿಮದ ಬೆಟ್ಟ ಕಾಣುತ್ತದೆ. ಎಂಟನೆಯ ತರಗತಿಯ ಮಕ್ಕಳು ನನ್ನ ಹಿಂದಿಗೆ ನಗುತ್ತಾರೆ, ವಿಜ್ಞಾನಕ್ಕೆ ನಗುವುದಿಲ್ಲ. ಅಷ್ಟು ಸಾಕು.

ಕಪ್ಪುಗಳ ವಿಷಯ. ದಯವಿಟ್ಟು ಕಳಿಸಬೇಡಿ. ಎರಡೂವರೆ ಸಾವಿರ ಕಿಲೋಮೀಟರ್ ದಾರಿಯಲ್ಲಿ ಅವು ಒಡೆದರೆ ಆಯಿಗೆ ಏನು ಹೇಳಲಿ? ಸ್ಟೀಲಿನ ಲೋಟಗಳಿವೆ. ನಾವಿಬ್ಬರೇ ಇರುವುದು, ಬರುವವರು ಯಾರೂ ಇಲ್ಲ.

ಎದುರು ಮನೆಯಾಕೆ ನಮ್ಮ ಶಾಲೆಯಲ್ಲೇ ಸಂಗೀತ ಕಲಿಸುತ್ತಾರೆ. ಎಲ್ಲರೂ ದೀದಿ ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ಮೊದಲ ವಾರವೇ ನಮ್ಮ ಅಡ್ಡಹೆಸರು ಕೇಳಿ, "ಕಾಂಬಳೆ ಅಂದರೆ ನಿಮ್ಮ ಕಡೆ ಯಾರು?" ಎಂದರು. ಜಾತಿಯ ಪ್ರಶ್ನೆ ಅದು. "ನಾವು ಕರ್ನಾಟಕದವರು" ಎಂದು ಹೇಳಿ ಒಳಗೆ ಬಂದೆ. ಇಲ್ಲಿ ನಮ್ಮ ಊರು ಎಲ್ಲಿದೆ ಎಂದೇ ಯಾರಿಗೂ ಗೊತ್ತಿಲ್ಲ. ಅದೂ ಒಂದು ಸುಖ, ಅಪ್ಪಾ. ಸ್ವಲ್ಪ ದಿನ ಹಾಗೆಯೇ ಇರಲಿ ಎನಿಸುತ್ತದೆ.

ಆಯಿಗೆ ಕಾಲು ನೋವಿನ ಎಣ್ಣೆ ತಪ್ಪಿಸಬೇಡಿ.

ನಿಮ್ಮ
ಸಾರಿಕಾ

*

ಚಿಕ್ಕೋಡಿ
೧೨ ಫೆಬ್ರುವರಿ ೨೦೦೯

ಪ್ರೀತಿಯ ಸಾರಿಕಾ,

ಜಯಭೀಮ. ನಿನ್ನ ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. ಒಂದು ಸಾಲನ್ನು ಬಿಟ್ಟು ಓದಿದೆ. ಯಾವುದೆಂದು ನಿನಗೆ ಗೊತ್ತು.

ಈ ಕಪ್ಪುಗಳ ಕಥೆಯನ್ನು ನೀನು ತುಣುಕು ತುಣುಕಾಗಿ ಕೇಳಿರುತ್ತೀ. ಇವತ್ತು ಪೂರ್ತಿ ಬರೆಯುತ್ತೇನೆ.

ನಾವು ಆಗ ಐನಾಪುರದಲ್ಲಿದ್ದೆವು. ಪೇಟೆಯಲ್ಲಿ ಒಂದು ಚಹಾದ ಹೋಟೆಲು ಇತ್ತು. ನಡೆಸುತ್ತಿದ್ದವನು ನನ್ನ ಸಹಪಾಠಿ ವಿರುಪಾಕ್ಷಪ್ಪನ ಕಾಕಾ. ಹೋಟೆಲಿನ ಹೊರಗೋಡೆಯಲ್ಲಿ ಒಂದು ಗೂಡು, ಗೂಡಿನಲ್ಲಿ ನಾಲ್ಕು ಕಪ್ಪು. ನಾಲ್ಕಕ್ಕೂ ಹಿಡಿಕೆ ಇರಲಿಲ್ಲ. ಒಳಗೆ ಕೂತವರ ಕೈಯಲ್ಲಿ ಹಿಡಿಕೆ ಮುರಿದ ಕಪ್ಪು ಹೊರಗಿನ ಗೂಡಿಗೆ ಬರುತ್ತಿತ್ತು, ಅದು ನಮ್ಮ ಓಣಿಯವರ ಪಾಲು. ನಾವೇ ತೆಗೆದುಕೊಂಡು ಹಿಡಿಯಬೇಕು, ಮೇಲಿನಿಂದ ಚಹಾ ಸುರಿಯುತ್ತಾರೆ, ಕುಡಿದು ತೊಳೆದು ಗೂಡಿನಲ್ಲಿ ಬೋರಲು ಹಾಕಬೇಕು. ಹಿಡಿಕೆ ಇಲ್ಲದ ಕಪ್ಪಿನ ಬಿಸಿ ನೇರ ಬೆರಳಿಗೆ ಹತ್ತುತ್ತದೆ. ನನ್ನ ಹೆಬ್ಬೆರಳು ಅದನ್ನು ಇನ್ನೂ ಮರೆತಿಲ್ಲ.

ಹೋದ ವರ್ಷ ಕೆಲವರು ಸೇರಿ ಊರಿನ ಬಗ್ಗೆ ಒಂದು ಸ್ಮರಣಸಂಚಿಕೆ ತಂದರು. ಅದರ ಮೂವತ್ತೊಂದನೆಯ ಪುಟದಲ್ಲಿ, "ಆ ಹೋಟೆಲಿನ ಚಹಾ ಕುಡಿಯದವರು ಊರಿನಲ್ಲಿ ಯಾರೂ ಇರಲಿಲ್ಲ" ಎಂದಿದೆ. ನಿಜ. ನಾವೂ ಕುಡಿದಿದ್ದೇವೆ. ಯಾವುದರಲ್ಲಿ ಕುಡಿದೆವು ಎಂದು ಬರೆಯಲು ಅವರಿಗೆ ಜಾಗ ಸಾಲಲಿಲ್ಲ. ನಾನು ಮೂರು ಪುಟದ ಪತ್ರ ಬರೆದೆ. ಉತ್ತರವಿಲ್ಲ.

೧೯೬೮ರಲ್ಲಿ ನಾನು ಮ್ಯಾಟ್ರಿಕ್ ಪಾಸಾದೆ. ಆ ವರ್ಷವೆಲ್ಲ ಅವ್ವ ಕಬ್ಬು ಕಡಿದಿದ್ದಳು. ಒಬ್ಬಳೇ ಮೀರಜಿಗೆ ಹೋಗಿ ನೀಲಿ ಗೆರೆಯ ಹನ್ನೆರಡು ಬಿಳಿ ಕಪ್ಪು-ಬಸಿ ತಂದಳು. ತನ್ನ ಇನ್ನೊಂದು ಸೀರೆಯಲ್ಲಿ ಸುತ್ತಿ, ಮೀರಜಿನಿಂದ ಮನೆಯವರೆಗೂ ತೊಡೆಯ ಮೇಲೆ ಇಟ್ಟುಕೊಂಡು ಬಂದಳು. ನನ್ನ ಐವರು ಗೆಳೆಯರನ್ನು ಚಹಾಕ್ಕೆ ಕರೆದಳು. ನಾಲ್ವರು ಕುಡಿದರು. ಏಳು ವರ್ಷ ನನ್ನ ಪಕ್ಕದಲ್ಲಿ ಕೂತು ನನ್ನ ಗಣಿತ ನೋಡಿ ಬರೆದ ವಿರುಪಾಕ್ಷಪ್ಪ ಕಪ್ಪನ್ನು ನೋಡಿದ, ಅವ್ವನನ್ನು ನೋಡಿದ. "ಇವತ್ತ ಸೋಮಾರ, ನಂದು ಒಪ್ಪತ್ತು ಐತಿ" ಅಂದ.

ಅಂದು ಜೂನ್ ಹತ್ತೊಂಬತ್ತು, ಬುಧವಾರ. ಸೋಮವಾರವೇ ಆಗಿದ್ದರೂ ಒಪ್ಪತ್ತಿನವರು ಚಹಾ ಬಿಟ್ಟದ್ದನ್ನು ನಾನು ಎಲ್ಲೂ ಕಂಡಿಲ್ಲ.

ಅವ್ವ ಆ ಚಹಾವನ್ನು ನುಗ್ಗಿಯ ಗಿಡದ ಬುಡಕ್ಕೆ ಚೆಲ್ಲಿ, ಕಪ್ಪು ತೊಳೆದು ಉಳಿದ ಹನ್ನೊಂದರ ನಡುವೆ ಇಟ್ಟಳು. ಪಕ್ಕದ ಮನೆಯವಳು, "ಅದನ್ನ ಬ್ಯಾರೆ ಇಡೂದಿಲ್ಲೇನ?" ಎಂದಳು. "ಬ್ಯಾರೆ ಇಡೂ ಚಾಳಿ ಅವರದು. ನಮ್ಮನ್ಯಾಗ ಎಲ್ಲಾ ಕಪ್ಪೂ ಒಂದ" ಅಂದಳು ಅವ್ವ. ಈಗ ಒಂಬತ್ತು ಉಳಿದಿವೆ. ಅವುಗಳಲ್ಲಿ ಅವನ ಕಪ್ಪು ಯಾವುದೆಂದು ಯಾರಿಗೂ ಗೊತ್ತಿಲ್ಲ.

ಅವ್ವನ ಮಾತು ಇಷ್ಟು. ಏಪ್ರಿಲ್ ಹದಿನಾಲ್ಕು, ಬಾಬಾಸಾಹೇಬರ ಜಯಂತಿಯ ದಿನ ನೀನು ನೆರೆಹೊರೆಯವರನ್ನು ಕರೆದು ಈ ಕಪ್ಪುಗಳಲ್ಲಿ ಚಹಾ ಕೊಡಬೇಕು. ಯಾರ ಮನೆ, ಯಾಕೆ ಕರೆದದ್ದು ಎಂದು ಅವರಿಗೆ ಗೊತ್ತಿರಬೇಕು. ನೀನು ಬೇಡವೆಂದರೂ ಕಪ್ಪು ಬರುತ್ತವೆ.

ಮಾಮೂಲಿ ಲಾರಿಯಲ್ಲಿ ಸರಕನ್ನು ಮೂರು ಕಡೆ ಇಳಿಸಿ ಹತ್ತಿಸುತ್ತಾರೆ. ಇಲ್ಲಿಂದ ಸಿಲಿಗುರಿಯವರೆಗೆ ಎಲ್ಲೂ ಇಳಿಸದೆ ಹೋಗುವುದು ದ್ರಾಕ್ಷಿ ಲಾರಿ ಒಂದೇ. ಗುಂಡಿ ಕಂಡರೆ ಅದರ ಡ್ರೈವರ್ ಮಾತ್ರ ಬ್ರೇಕು ಹಾಕುತ್ತಾನೆ, ಒಡೆದ ಹಣ್ಣನ್ನು ಯಾರೂ ಕೊಳ್ಳುವುದಿಲ್ಲವಲ್ಲ. ಐನಾಪುರದಿಂದ ಅಲ್ಲಿಗೆ ದ್ರಾಕ್ಷಿ ಕಳಿಸುವವನು ಯಾರೆಂದು ವಿಚಾರಿಸಿದೆ. ವಿರುಪಾಕ್ಷಪ್ಪ.

ಆ ಮನುಷ್ಯನಿಗೆ ನಾನು ಪತ್ರ ಬರೆಯುವುದಿಲ್ಲ.

ನಿನ್ನ ಅಪ್ಪ,
ದಾದಾಸಾಹೇಬ

*

ಚಿಕ್ಕೋಡಿ
೧೯ ಫೆಬ್ರುವರಿ ೨೦೦೯

ಶ್ರೀ ವಿರುಪಾಕ್ಷಪ್ಪ ಅವರಿಗೆ,
ದ್ರಾಕ್ಷಿ ಬೆಳೆಗಾರರು, ಐನಾಪುರ

ಮಾನ್ಯರೇ,

ನಿಮ್ಮ ಲಾರಿ ಮಾರ್ಚ್ ತಿಂಗಳಲ್ಲಿ ಸಿಲಿಗುರಿಗೆ ಹೋಗುವುದೆಂದು ತಿಳಿಯಿತು. ನನ್ನ ಮಗಳಿಗೆ ಒಂಬತ್ತು ಜೊತೆ ಕಪ್ಪು-ಬಸಿ ಕಳಿಸುವುದಿದೆ. ಎರಡು ಪೆಟ್ಟಿಗೆಯಷ್ಟು ಜಾಗ ಸಾಕು. ಬಾಡಿಗೆ ತೆಗೆದುಕೊಂಡು ಒಯ್ಯುವುದಾದರೆ ತಿಳಿಸಿ. ಉಪಕಾರವಾಗಿ ಒಯ್ಯುವುದಾದರೆ ಬೇಡ.

ಕಪ್ಪುಗಳು ನೀಲಿ ಗೆರೆಯವು. ನೀವು ಒಮ್ಮೆ ನೋಡಿದ್ದೀರಿ.

ಇಂತು,
ದಾದಾಸಾಹೇಬ ಕಾಂಬಳೆ

*

ಐನಾಪುರ
೨೩ ಫೆಬ್ರುವರಿ ೨೦೦೯

ದಾದಾಸಾಹೇಬನಿಗೆ ವಿರುಪಾಕ್ಷಪ್ಪನ ಶರಣು.

ನಿನ್ನ ಅಕ್ಷರ ಹಾಗೆಯೇ ಇದೆ. ಲಕೋಟೆ ನೋಡಿದ ಕೂಡಲೇ ಗುರುತು ಹಿಡಿದೆ. ಒಡೆದು ಓದಲು ಮಾತ್ರ ಮರುದಿನ ಬೆಳಗಾಯಿತು.

ಮಾರ್ಚ್ ಹದಿನೈದಕ್ಕೆ ಲಾರಿ ತುಂಬುತ್ತದೆ. ಬಾಡಿಗೆ ತೆಗೆದುಕೊಳ್ಳುತ್ತೇನೆ, ನೀನು ಹೇಳಿದ ಮೇಲೆ ತೆಗೆದುಕೊಳ್ಳದೆ ಗತಿಯಿಲ್ಲ. ಆದರೆ ಕಪ್ಪುಗಳನ್ನು ನೀನು ಕಟ್ಟಬೇಡ. ಹಾಗೆಯೇ ತೆಗೆದುಕೊಂಡು ಬಾ. ನನ್ನ ಹೆಂಡತಿ ಚನ್ನವ್ವ ಇಪ್ಪತ್ತು ವರ್ಷದಿಂದ ದ್ರಾಕ್ಷಿ ತುಂಬುತ್ತಾಳೆ. ಅವಳು ಮುಚ್ಚಿದ ಪೆಟ್ಟಿಗೆಯಲ್ಲಿ ಹಣ್ಣಿನ ಸಿಪ್ಪೆಯ ಮೇಲಿನ ಬಿಳಿ ಬೂದಿ ಕೂಡ ಅಳಿಯುವುದಿಲ್ಲ.

ನಿನ್ನ ಅವ್ವ, ಶೇವಂತಾ ಆಯಿ, ಬರುವ ಹಾಗಿದ್ದರೆ ಕರೆದುಕೊಂಡು ಬಾ. ಇನ್ನೊಂದು ಮಾತು ಇದೆ. ಅದನ್ನು ಕಾಗದದಲ್ಲಿ ಹೇಗೆ ಬರೆಯುವುದೋ ನನಗೆ ತಿಳಿಯುತ್ತಿಲ್ಲ.

ವಿರುಪಾಕ್ಷಪ್ಪ

*

ಚಿಕ್ಕೋಡಿ
೧೬ ಮಾರ್ಚ್ ೨೦೦೯

ಪ್ರೀತಿಯ ಸಾರಿಕಾ,

ಜಯಭೀಮ. ಬರೆಯುವುದಿಲ್ಲ ಎಂದವನು ಬರೆದೆ. ಹೋಗುವುದಿಲ್ಲ ಎಂದುಕೊಂಡವನು ಹೋಗಿಯೂ ಬಂದೆ. ಕಪ್ಪುಗಳು ನಿನ್ನೆ ಹೊರಟಿವೆ.

ಅವ್ವ ಚೀಲವನ್ನು ಬಸ್ಸಿನಲ್ಲಿ ಯಾರ ಕೈಗೂ ಕೊಡಲಿಲ್ಲ. ಐನಾಪುರದ ತೋಟದ ಶೆಡ್ಡಿನಲ್ಲಿ ಹತ್ತು ಹನ್ನೆರಡು ಹೆಣ್ಣುಮಕ್ಕಳು ದ್ರಾಕ್ಷಿ ತುಂಬುತ್ತಿದ್ದರು. ವಿರುಪಾಕ್ಷಪ್ಪನಿಗೆ ತಲೆ ಪೂರ್ತಿ ಬೆಳ್ಳಗಾಗಿದೆ. ಅವ್ವನ ಕಾಲು ಮುಟ್ಟಲು ಬಗ್ಗಿದ. ಅವ್ವ ಕಾಲು ಹಿಂದಕ್ಕೆ ತೆಗೆದುಕೊಂಡು, "ಮದಲ ಸಾಮಾನ ನೋಡ್ರಿ" ಅಂದಳು.

ಚನ್ನವ್ವ ಬಾಯಿ ಜೋರಿನ ಹೆಂಗಸು. "ಬರ್ರಿ ಆಯೀ, ಕುಂದ್ರ್ರಿ. ತೋರ್ಸ್ರಿ ನಿಮ್ಮ ಒಡವಿ" ಅಂದಳು.

"ಒಡವಿ ಅಲ್ಲವಾ, ಚಾ ಕುಡ್ಯೂ ಕಪ್ಪು."

"ಹಿಂಗ ತೊಡಿ ಮ್ಯಾಲ ಇಟಗೊಂಡ ಬಂದೀರಿ ಅಂದಮ್ಯಾಲ ಒಡವೀನ ಬಿಡ್ರಿ."

ಬಸಿಗಳನ್ನು ಮಲಗಿಸಬಾರದು, ನಿಲ್ಲಿಸಬೇಕು ಎಂದು ಹೇಳಲು ನಾನು ಬಾಯಿ ತೆರೆದೆ. ಚನ್ನವ್ವ ತಲೆಯನ್ನೂ ಎತ್ತದೆ, "ಸಾಹೇಬ್ರ, ನೀವು ಬರೀ ಬುಕಿಂಗ ಮಾಡಿದವ್ರು. ನಾ ಕಟ್ಟಿದಾಕಿ. ಜರಾ ಸರದ ಕುಂದ್ರ್ರಿ" ಅಂದಳು. ಶೆಡ್ಡಿನ ಹೆಂಗಸರೆಲ್ಲ ನಕ್ಕರು. ಅವ್ವನೂ ನಕ್ಕಳು, ಅದರಿಂದ ನನಗೆ ಹೆಚ್ಚು ನೋವಾಯಿತು.

ಆದರೆ ಅವಳ ಕೈ ನೋಡಬೇಕಿತ್ತು ನೀನು. ಮೊದಲು ಪ್ರತಿ ಕಪ್ಪಿನ ಹಿಡಿಕೆಗೆ ಮೆತ್ತನೆಯ ಕಾಗದದ ಪಟ್ಟಿ ಸುತ್ತಿದಳು, ಬಾಣಂತಿಯ ಕೂಸಿಗೆ ಕುಲಾವಿ ಕಟ್ಟಿದ ಹಾಗೆ. "ದ್ರಾಕ್ಷಿ ಗೊಂಚಲ ತೊಟ್ಟ ಹಿಡದ ಎತ್ತಬೇಕು, ಮಣಿಗಿ ಬೆರಳ ಹತ್ತಬಾರ್ದು. ಕಪ್ಪಿಂದು ಉಲ್ಟಾ. ಹಿಡಕಿ ಹಿಡದ ಎತ್ತಿದ್ರ ಅದ ಮದಲ ಕೈ ಕೊಡ್ತೈತಿ" ಅನ್ನುತ್ತ ಕಪ್ಪಿನ ಹೊಟ್ಟೆಯನ್ನು ಎರಡೂ ಅಂಗೈಯಲ್ಲಿ ಹಿಡಿದು ಬೋರಲು ಇಟ್ಟಳು. ಸುತ್ತ ಕತ್ತರಿಸಿದ ಕಾಗದದ ಎಳೆ ತುರುಕಿದಳು. ಬಸಿಗಳನ್ನು ಇನ್ನೊಂದು ಪೆಟ್ಟಿಗೆಯಲ್ಲಿ ಪುಸ್ತಕದ ಹಾಗೆ ನಿಲ್ಲಿಸಿದಳು. ಮುಚ್ಚಿ, ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದಳು. "ಒಳಗ ಮಾತಾಡಬಾರ್ದು. ಮಾತಾಡಿದ್ರ ಒಡೀತಾವ." ಪೆಟ್ಟಿಗೆ ಸುಮ್ಮನಿತ್ತು.

ಮೇಲೆ "ಕಪ್ಪು-ಬಸಿ" ಎಂದೂ ನಿನ್ನ ಫೋನ್ ನಂಬರನ್ನೂ ಬರೆಯುತ್ತೇನೆ ಎಂದಳು. ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಒಡೆಯುವ ಸಾಮಾನೆಂದು ಗೊತ್ತಾದರೆ ಹಮಾಲ ಅದರ ಮೇಲೆಯೇ ಕೂರುತ್ತಾನೆ. ಹೊರಗಿನಿಂದ ದ್ರಾಕ್ಷಿಯಂತೆಯೇ ಕಾಣಲಿ ಎಂದೆ. ಎರಡೂ ಪೆಟ್ಟಿಗೆಗಳನ್ನು ಜೋಡಿಸಿ ಹಸಿರು ಸುತಳಿ ದಾರ ಕಟ್ಟಿಸಿದೆ. ಡ್ರೈವರ್ ಭೀಮಸಿಗೆ ನಾನೇ ತೋರಿಸಿ, ನಿನ್ನ ನಂಬರು ಕೊಟ್ಟು, ಹಸಿರು ಸುತಳಿಯದನ್ನು ನಿನ್ನ ಕೈಗೇ ಕೊಡಬೇಕೆಂದು ಎರಡು ಸಲ ಹೇಳಿದ್ದೇನೆ.

ಆಮೇಲೆ ಶೆಡ್ಡಿಗೆ ಚಹಾ ಬಂತು. ಎಲ್ಲರಿಗೂ ಕುಡಿದು ಬಿಸಾಡುವ ಕಾಗದದ ಲೋಟ. ಈ ಕಾಲಕ್ಕೆ ಅದೊಂದು ಅನುಕೂಲ. ಯಾರು ಯಾವುದರಲ್ಲಿ ಕುಡಿದರೆಂಬ ಗುರುತೇ ಉಳಿಯುವುದಿಲ್ಲ. ವಿರುಪಾಕ್ಷಪ್ಪ ತಾನೇ ಎರಡೂ ಕೈಯಲ್ಲಿ ಹಿಡಿದು ಅವ್ವನ ಮುಂದೆ ತಂದ.

ಅವ್ವ ಲೋಟ ನೋಡಿದಳು, ಅವನನ್ನು ನೋಡಿದಳು. "ಬ್ಯಾಡಪಾ. ಇವತ್ತ ಸೋಮಾರ. ನಂದು ಒಪ್ಪತ್ತು ಐತಿ."

"ಅಯ್ಯ, ಇವತ್ತ ಐತಾರ ಅಲ್ಲೇನ್ರಿ ಆಯೀ!" ಅಂದಳು ಚನ್ನವ್ವ.

ನಿನ್ನೆ ಭಾನುವಾರವೇ. ಚನ್ನವ್ವ ಗಂಡನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಇನ್ನೊಂದು ಪೆಟ್ಟಿಗೆಗೆ ಕೈ ಹಾಕಿದಳು. ಲೋಟದಿಂದ ಹಬೆ ಹೋಗುವವರೆಗೂ ವಿರುಪಾಕ್ಷಪ್ಪ ಅದನ್ನು ಹಿಡಿದು ನಿಂತೇ ಇದ್ದ.

ಬಸ್ಸಿನಲ್ಲಿ ಅವ್ವ, "ನಲವತ್ತೊಂದ ವರ್ಸ ಆತು, ಬಾಯಾಗ ಇಟಗೊಂಡ ಕುಂತಿದ್ದೆ" ಅಂದಳು. ಆಮೇಲೆ ಚಿಕ್ಕೋಡಿಯವರೆಗೂ ನಿದ್ದೆ ಮಾಡಿದಳು.

ನಿನ್ನ ಅಪ್ಪ,
ದಾದಾಸಾಹೇಬ

*

ಸಿಲಿಗುರಿ
೨೫ ಮಾರ್ಚ್ ೨೦೦೯

ಅಪ್ಪಾ, ಜಯಭೀಮ.

ಮೊನ್ನೆ ಫೋನಿನಲ್ಲಿ ನೀವು ಬೈದಿರಿ, ಆಮೇಲೆ ಫೋನು ಇಟ್ಟುಬಿಟ್ಟಿರಿ. ಉಳಿದದ್ದನ್ನು ಬರೆಯುತ್ತೇನೆ.

ಭೀಮಸಿಗೆ ದಾರಿಯಲ್ಲಿ ಜ್ವರ ಬಂದು ನಾಗಪುರದಲ್ಲಿ ಇಳಿದುಕೊಂಡ. ಅಲ್ಲಿಂದ ಲಾರಿ ಓಡಿಸಿದವನಿಗೆ ಹಸಿರು ಸುತಳಿಯ ಮಾತು ಯಾರೂ ಹೇಳಿರಲಿಲ್ಲ. ಇಪ್ಪತ್ತನೆಯ ತಾರೀಖು ಇಲ್ಲಿನ ಹಣ್ಣಿನ ಮಾರುಕಟ್ಟೆಯ ಬೆಳಗಿನ ಹರಾಜಿನಲ್ಲಿ ಆರುನೂರು ಪೆಟ್ಟಿಗೆಗಳ ಜೊತೆ ನಮ್ಮ ಎರಡೂ ಪೆಟ್ಟಿಗೆ ಮಾರಿಹೋಗಿವೆ. ಆಯಿಯ ಕಪ್ಪುಗಳನ್ನು ಯಾರೋ ದ್ರಾಕ್ಷಿ ಎಂದು ಕೊಂಡುಕೊಂಡಿದ್ದಾರೆ.

ಬಾಯಿಮಾತಿಗೆ ಸಾಕ್ಷಿ ಇಲ್ಲ ಎಂದು ಜನವರಿಯಲ್ಲಿ ನೀವೇ ಬರೆದಿದ್ದಿರಿ. ಇಷ್ಟೇ ಹೇಳುತ್ತೇನೆ, ಹೆಚ್ಚು ಹೇಳುವುದಿಲ್ಲ.

ಸುದ್ದಿ ತಿಳಿದ ದಿನ ನಾನು ಮನೆಯ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದೆ. ಬೇಡ ಎಂದವಳೇ ನಾನು, ಆದರೂ ಅಳು ಬಂತು. ಎದುರು ಮನೆಯ ದೀದಿ ಬಂದು, ಯಾರಾದರೂ ತೀರಿಕೊಂಡರೇ ಎಂದು ಕೇಳಿದರು. ಹಳೆಯ ಕಪ್ಪು ಕಳೆದಿದೆ ಎಂದರೆ ಯಾರು ನಂಬುತ್ತಾರೆ? ಹೇಳಬೇಕಾಯಿತು. ಗೂಡು, ಹಿಡಿಕೆ, ಬುಧವಾರ, ಎಲ್ಲ. ನಮ್ಮ ಅಡ್ಡಹೆಸರಿನವರು ನಮ್ಮ ಕಡೆ ಯಾರು ಎಂಬುದನ್ನೂ ಹೇಳಿದೆ. ನನ್ನ ಹಿಂದಿಯಲ್ಲಿ ಅದೆಲ್ಲ ಹೇಗೆ ಕೇಳಿಸಿತೋ. ಅವರು ಪೂರ್ತಿ ಕೇಳಿ, "ನಾಳೆ ಎಷ್ಟು ಗಂಟೆಗೆ ಮಾರುಕಟ್ಟೆಗೆ ಹೋಗೋಣ?" ಎಂದರು.

ಮೂರು ದಿನ ಶಾಲೆ ಮುಗಿಸಿ ಇಬ್ಬರೂ ಹೋದೆವು. ಆ ದಿನ ಲಾರಿಯ ಮಾಲು ಕೊಂಡವರು ಹನ್ನೊಂದು ಮಂದಿ. ಹೆಸರುಗಳ ಪಟ್ಟಿ ನನ್ನ ಕೈಯಲ್ಲಿದೆ, ಬರಹದಲ್ಲಿದೆ. ನಾಲ್ಕು ಕಡೆ ವಿಚಾರಿಸಿದ್ದಾಗಿದೆ, ಸಿಕ್ಕಿಲ್ಲ. ಇನ್ನೂ ಏಳು ಇವೆ. ಹದಿನಾಲ್ಕರೊಳಗೆ ಏಳನ್ನೂ ನೋಡುತ್ತೇನೆ.

ನೀವು ಆಯಿಗೆ ಓದಿ ಹೇಳದ ಆ "ಸುಖ"ದ ಸಾಲನ್ನು ನಾನು ವಾಪಸು ತೆಗೆದುಕೊಂಡಿದ್ದೇನೆ.

ಸಾರಿಕಾ

*

ಐನಾಪುರ
೨೭ ಮಾರ್ಚ್ ೨೦೦೯

ದಾದಾಸಾಹೇಬನಿಗೆ ಶರಣು.

ಭೀಮಸಿ ನಿನ್ನೆ ಬಂದು ಎಲ್ಲ ಹೇಳಿದ. ಅವನ ಮೇಲೆ ಸಿಟ್ಟಾಗಬೇಡ, ಇನ್ನೂ ನಿಲ್ಲಲಾರದಷ್ಟು ಸೋತಿದ್ದಾನೆ.

ನಾಳೆಯ ಲಾರಿಯಲ್ಲಿ ನಾನೇ ಸಿಲಿಗುರಿಗೆ ಹೋಗುತ್ತೇನೆ. ತೋಟದಲ್ಲಿ ಇನ್ನೂ ಎರಡು ಎಕರೆ ಹಣ್ಣು ಇದೆ. ಚನ್ನವ್ವ, "ಹಣ್ಣು ನಾ ನೋಡ್ಕೋತೀನಿ, ನೀವು ಹೋಗಿ ನಿಮ್ಮ ಸೋಮಾರ ಮುಗಿಸಿ ಬರ್ರಿ" ಅಂದಳು. ಅವಳಿಗೆ ಎಲ್ಲ ಹೇಳಿದ್ದೇನೆ. ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ಇದೊಂದನ್ನು ಹೇಳಿರಲಿಲ್ಲ.

ನಿನಗೂ ಬರೆಯುತ್ತೇನೆ. ಕಾಕಾ ಹೆದರಿಸಿದ್ದನೆಂದು ನೀನು ಇಷ್ಟು ವರ್ಷ ಅಂದುಕೊಂಡಿರಬಹುದು. ಅವನು ಹೆದರಿಸಿರಲಿಲ್ಲ. ನಾನು ನಿಮ್ಮ ಮನೆಗೆ ಬಂದದ್ದೇ ಅವನಿಗೆ ಗೊತ್ತಿರಲಿಲ್ಲ. ನನ್ನನ್ನು ಯಾರೂ ತಡೆಯಲಿಲ್ಲ. ಕಪ್ಪು ಚೆನ್ನಾಗಿತ್ತು, ನಮ್ಮ ಮನೆಯಲ್ಲಿ ಅಂಥವು ಇರಲಿಲ್ಲ. ಕೈ ಮುಂದೆ ಹೋಗಲಿಲ್ಲ, ಬಾಯಿಗೆ ಸೋಮವಾರ ಬಂತು. ಇದಕ್ಕಿಂತ ಒಳ್ಳೆಯ ಕಾರಣ ನನ್ನ ಹತ್ತಿರ ಇಲ್ಲ. ಹುಡುಕಿದ್ದೇನೆ, ಸಿಕ್ಕಿಲ್ಲ.

ಕ್ಷಮಿಸು ಎಂದು ಬರೆಯುವುದಿಲ್ಲ. ಮೊದಲು ಕಪ್ಪು ಸಿಗಲಿ.

ವಿರುಪಾಕ್ಷಪ್ಪ

*

ಚಿಕ್ಕೋಡಿ
೩೦ ಮಾರ್ಚ್ ೨೦೦೯

ಪ್ರೀತಿಯ ಸಾರಿಕಾ,

ಜಯಭೀಮ. ವಿರುಪಾಕ್ಷಪ್ಪ ಲಾರಿಯಲ್ಲಿ ಅಲ್ಲಿಗೆ ಬರುತ್ತಿದ್ದಾನೆ. ಅವನ ಪತ್ರವನ್ನು ಇದರ ಜೊತೆ ಇಟ್ಟಿದ್ದೇನೆ, ಓದಿಕೋ. ಪಟ್ಟಿ ಹಿಡಿದು ಇಬ್ಬರೂ ಹುಡುಕಿ.

ಪೆಟ್ಟಿಗೆಯ ಮೇಲೆ ಬರೆಯಬೇಡ ಎಂದದ್ದು ನಾನು. ಚನ್ನವ್ವನ ಮಾತು ಕೇಳಿದ್ದರೆ ಈ ಗತಿ ಬರುತ್ತಿರಲಿಲ್ಲ. ಇದು ನನ್ನ ಸಹಿಯೊಂದಿಗೆ ನಿನ್ನ ಹತ್ತಿರ ಇರಲಿ.

ಅವನಿಗೆ ಚಹಾ ಕೊಡು ಎಂದು ನಾನು ಹೇಳುವುದಿಲ್ಲ. ಕೊಡಬೇಡ ಎಂದೂ ಹೇಳುವುದಿಲ್ಲ. ಅದು ನಿನ್ನ ಮನೆ.

ನಿನ್ನ ಅಪ್ಪ,
ದಾದಾಸಾಹೇಬ

*

ಸಿಲಿಗುರಿ
೧೫ ಏಪ್ರಿಲ್ ೨೦೦೯

ಅಪ್ಪಾ, ಆಯೀ, ಇಬ್ಬರಿಗೂ ಜಯಭೀಮ.

ಸಿಕ್ಕಿವೆ. ಸಿಕ್ಕ ಸುದ್ದಿ ಫೋನಿನಲ್ಲಿ ಹೇಳಿದೆ, ಹೇಗೆ ಎಂಬುದನ್ನು ಹೇಳಿರಲಿಲ್ಲ.

ವಿರುಪಾಕ್ಷಪ್ಪ ಕಾಕಾ ಬಂದು ನಮ್ಮ ಮನೆಯಲ್ಲಿ ಇಳಿಯಲಿಲ್ಲ, ಮಾರುಕಟ್ಟೆಯ ಲಾರಿ ಚಾಲಕರ ಜೊತೆ ಮಲಗಿದರು. ಅವರಿಗೆ ಹಿಂದಿ ಬರುವುದಿಲ್ಲ, ಮರಾಠಿಯನ್ನೇ ಎಳೆದು ಹಿಂದಿ ಮಾಡುತ್ತಾರೆ. ಆದರೂ ಪಟ್ಟಿಯ ಐದು, ಆರು, ಏಳನೆಯವರನ್ನು ಒಬ್ಬರೇ ನೋಡಿ ಬಂದರು. ಎಂಟನೆಯವನು ಕಾಲಿಂಪಾಂಗಿನ ಹಣ್ಣಿನಂಗಡಿಯವನು. ಹನ್ನೊಂದನೆಯ ತಾರೀಖು, ಶನಿವಾರ, ಕಾಕಾ, ದೀದಿ, ನಾನು ಜೀಪಿನಲ್ಲಿ ಬೆಟ್ಟ ಹತ್ತಿದೆವು. ಕಾಕಾ ತೊಡೆಯ ಮೇಲೆ ಎರಡು ಪೆಟ್ಟಿಗೆ ದ್ರಾಕ್ಷಿ ಇಟ್ಟುಕೊಂಡಿದ್ದರು. ಯಾಕೆ ಎಂದು ಕೇಳಿದರೆ, "ಚನ್ನವ್ವ ಕೊಟ್ಟಾಳ. ದ್ರಾಕ್ಷಿಗಿ ರೊಕ್ಕಾ ಕೊಟ್ಟಾಂವ ದ್ರಾಕ್ಷಿ ಕೇಳೂದಿಲ್ಲೇನ ತಂಗಿ?" ಅಂದರು.

ಅಂಗಡಿಯವನು ಕೇಳಿದ್ದೂ ಅದನ್ನೇ. ಪೆಟ್ಟಿಗೆ ತೆಗೆದರೆ ಒಳಗೆ ಬಸಿಗಳು ನಿಂತಿದ್ದವಂತೆ. ಮೋಸವಾಯಿತೆಂದು ಮೂರು ದಿನ ಬೈದುಕೊಂಡಿದ್ದನಂತೆ. ದ್ರಾಕ್ಷಿ ತೆಗೆದುಕೊಂಡು ನಕ್ಕು ಎಲ್ಲ ಒಳಗಿನಿಂದ ತಂದುಕೊಟ್ಟ. ಚನ್ನವ್ವ ಕಾಕೂಗೆ ಹೇಳಿ, ಅವರು ಕಟ್ಟಿದ್ದರಲ್ಲಿ ಒಂದೂ ಒಡೆದಿರಲಿಲ್ಲ. ಅಂಗಡಿಯವನು ಒಂದೇ ಒಂದು ಕಪ್ಪನ್ನು ಹೊರತೆಗೆದು ತನ್ನ ಚಹಾಕ್ಕೆ ಬಳಸುತ್ತಿದ್ದ. ಅದರ ಹಿಡಿಕೆ ಹೋಗಿದೆ.

ನಿನ್ನೆ ಜಯಂತಿ. ನಾನು ದೀದಿಯ ಮುಂದೆಯೇ ಒಂದೊಂದು ಬಾಗಿಲು ತಟ್ಟಿ ಕರೆದೆ. ಯಾವ ದಿನ, ಯಾಕೆ ಎಂದು ಹೇಳಿಯೇ ಕರೆದೆ. ಎಂಟು ಮಂದಿ ಬಂದರು. ಒಂದು ಮನೆಯವರು ತಲೆನೋವೆಂದರು, ಆಯಿಯ ಹಾಗೆ ನಾನೂ ನೆನಪಿಟ್ಟುಕೊಂಡಿದ್ದೇನೆ. ಎಂಟು ಕಪ್ಪಿನಲ್ಲಿ ಎಂಟು ಮಂದಿಗೆ ಚಹಾ ಕೊಟ್ಟೆ. ಒಂಬತ್ತನೆಯವರು ಕಾಕಾ.

ಅವರು ಅಡುಗೆಮನೆಯ ಕಟ್ಟೆಯಿಂದ ಹಿಡಿಕೆ ಮುರಿದ ಕಪ್ಪನ್ನು ತಾವೇ ತೆಗೆದುಕೊಂಡು ಬಂದು ಮುಂದೆ ಹಿಡಿದರು. "ನನಗ ಇದರಾಗ ಹಾಕು ತಂಗಿ."

"ಬ್ಯಾಡ್ರಿ ಕಾಕಾ, ಅದನ್ನ ಕೆಳಗ ಇಡ್ರಿ."

"ನನಗ ಬರಬೇಕಾದ್ದ ಇದು."

"ಬರಬೇಕಾದ್ದ ಇರಬಹುದು. ಈ ಮನ್ಯಾಗ ಅದರಾಗ ಯಾರಿಗೂ ಕೊಡೂದಿಲ್ಲ. ನಮ್ಮ ಆಯಿ ಇವನ್ನ ತಂದದ್ದ ಅದಕ್ಕ. ಒಂದ ಖಾಲಿ ಆಗೂತನಕ ತಡೀರಿ."

ಅವರು ಬಾಗಿಲ ಹತ್ತಿರ ನಿಂತು ತಡೆದರು. ದೀದಿಯ ಕಪ್ಪು ಖಾಲಿಯಾಯಿತು. ಕಾಕಾ ಅದನ್ನು ಇಸಿದುಕೊಂಡು ನಲ್ಲಿಯಲ್ಲಿ ತೊಳೆದು ತಂದರು. ನಾನು ಚಹಾ ಸುರಿಯುವಾಗ, "ಇವತ್ತ ಯಾವ ವಾರ?" ಅಂದರು.

"ಮಂಗಳಾರ್ರಿ."

"ಹಂಗಾರ ಅಡ್ಡಿಯಿಲ್ಲ."

ನಮ್ಮ ಕಡೆಯವರ ಹಾಗೆ ಬಸಿಗೆ ಸುರಿದುಕೊಂಡು ಕುಡಿದರು. ಅವರ ಮುಖ ಹೇಗಿತ್ತೆಂದು ನೀವು ಕೇಳಬಹುದು. ನಾನು ನೋಡಲಿಲ್ಲ, ಬೇರೆಯವರಿಗೆ ಬಿಸ್ಕೀಟು ಕೊಡುತ್ತಿದ್ದೆ. ಇನ್ನರ್ಧ ಕಪ್ಪು ಕೇಳಿದರು, ಅಷ್ಟು ಗೊತ್ತು.

ಹಿಡಿಕೆ ಇಲ್ಲದ ಕಪ್ಪನ್ನು ಏನು ಮಾಡಲಿ? ರೂಪೇಶ ಅದರಲ್ಲಿ ಪೆನ್ನು ಇಡೋಣ ಎನ್ನುತ್ತಾನೆ.

ನಿಮ್ಮ
ಸಾರಿಕಾ

*

ಚಿಕ್ಕೋಡಿ
೨೬ ಏಪ್ರಿಲ್ ೨೦೦೯

ಪ್ರೀತಿಯ ಸಾರಿಕಾ,

ಜಯಭೀಮ. ನಿನ್ನ ಪತ್ರವನ್ನು ಅವ್ವನಿಗೆ ಪೂರ್ತಿ ಓದಿದೆ. ಈ ಸಲ ಯಾವ ಸಾಲನ್ನೂ ಬಿಡಲಿಲ್ಲ. "ಅಡ್ಡಿಯಿಲ್ಲ" ಎಂಬಲ್ಲಿ ಇನ್ನೊಮ್ಮೆ ಓದಿಸಿದಳು.

ವಿರುಪಾಕ್ಷಪ್ಪ ತಿರುಗಿ ಬಂದವನು ಐನಾಪುರಕ್ಕೆ ಹೋಗುವ ಮೊದಲು ನಮ್ಮ ಮನೆಗೆ ಬಂದಿದ್ದ. ಅವ್ವ ಸ್ಟೀಲಿನ ಲೋಟದಲ್ಲಿ ಚಹಾ ಕೊಟ್ಟಳು. "ಕಪ್ಪು ಎಲ್ಲಾ ಸಿಲಿಗುರಿಗಿ ಹೋಗ್ಯಾವ. ಕುಡ್ಯಾಂವಾದ್ರ ಇದರಾಗ ಕುಡಿ" ಅಂದಳು. ಕುಡಿದ. ಅವನನ್ನು ನಾನು ಕ್ಷಮಿಸಿದೆನೇ ಎಂದು ನೀನು ಕೇಳಿಲ್ಲ, ಕೇಳದೆ ಇದ್ದದ್ದು ಒಳ್ಳೆಯದು. ಆದರೆ ಒಂದು ಕೆಲಸ ಆಗಿದೆ. ಸ್ಮರಣಸಂಚಿಕೆಯವರಿಗೆ ನಾನು ಮತ್ತೆ ಬರೆದಿದ್ದೇನೆ. ಮೂವತ್ತೊಂದನೆಯ ಪುಟದ ಆ ವಾಕ್ಯ ತಿದ್ದಬೇಕು, ಗೂಡಿನ ವಿಷಯ ಬರಬೇಕು ಎಂದು. ಈ ಸಲ ಕೆಳಗೆ ಎರಡು ಸಹಿ ಇವೆ. ಎರಡನೆಯದು ಹೋಟೆಲಿನವನ ಅಣ್ಣನ ಮಗನದು. ಇದಕ್ಕೂ ಉತ್ತರ ಬರದಿದ್ದರೆ ಇಬ್ಬರೂ ಅವರ ಬಾಗಿಲಿಗೆ ಹೋಗುತ್ತೇವೆ.

ಹಿಡಿಕೆ ಇಲ್ಲದ ಕಪ್ಪಿನ ಬಗ್ಗೆ ಕೇಳಿದ್ದೀ. ಪೆನ್ನು ಇಟ್ಟರೆ ತಪ್ಪೇನಿಲ್ಲ ಎಂದು ನನಗೂ ಅನಿಸಿತ್ತು. ಅವ್ವ ಒಪ್ಪಲಿಲ್ಲ. "ಇವತ್ತ ಪೆನ್ನ ಇಡ್ತಾರ. ನಾಳೆ ಕೆಲಸಕ್ಕ ಬಂದಾಕಿಗಿ, ಕಸಾ ಹೊಡ್ಯಾಂವಗ ಅದರಾಗ ಚಾ ಹಾಕ್ತಾರ. ಗೂಡು ಹಂಗ ಸುರು ಆಗಿದ್ದು. ಪೂರಾ ಒಡದ ಹಾಕಂತ ಬರಿ" ಅಂದಳು.

ಒಡೆಯುವ ಸಾಮಾನನ್ನು ಜೋಪಾನ ಮಾಡಿ ಎಂದು ಜೀವಮಾನವಿಡೀ ಬರೆದವನು ನಾನು. ಒಡೆದು ಹಾಕು ಎಂದು ಬರೆಯುತ್ತಿರುವುದು ಇದೇ ಮೊದಲು. ಒಡೆದು ಹಾಕು.

ನಿನ್ನ ಅಪ್ಪ,
ದಾದಾಸಾಹೇಬ

*

ಸಿಲಿಗುರಿ
೬ ಮೇ ೨೦೦೯

ಅಪ್ಪಾ, ಜಯಭೀಮ.

ಆಯಿಗೆ ಹೇಳಿ. ಹಿತ್ತಲಿನ ಕಲ್ಲಿನ ಮೇಲೆ ಇಟ್ಟು ಒಡೆದೆ. ಮೀರಜಿನ ಮಾಲು ಗಟ್ಟಿ, ಮೊದಲ ಎರಡು ಏಟಿಗೆ ಏನೂ ಆಗಲಿಲ್ಲ. ಮೂರನೆಯದಕ್ಕೆ ಪುಡಿಯಾಯಿತು.

ಎಂಟು ಕಪ್ಪು ಇವೆ. ಎಂಟಕ್ಕೂ ಹಿಡಿಕೆ ಇದೆ.

ಸಾರಿಕಾ